ನೀರು ಕಾಣದ ನೀಲಿ ಚಡ್ಡಿ

ಶಿವಪ್ಪಣ್ಣನನ್ನು ನಾನು ಆ ಪಾರ್ಕಿಗೆ ಕರೆದುಕೊಂಡು ಹೋದದ್ದು ಅವನ ಕಾಲಿಗಾಗಿ. ಸೊರಗಿದ ಆ ಎಡಗಾಲು ಜೊತೆಗಿದ್ದರೆ ನಾವು ಯಾವ ಸಾಲಿನಲ್ಲೂ ನಿಲ್ಲಬೇಕಾಗಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು.

ಇದನ್ನು ಬೇರೆ ರೀತಿಯಲ್ಲಿ ಬರೆದು ನೋಡಿದೆ. 'ಎಲ್ಲರೂ ಸೇರಿ ಹೋಗಿದ್ದೆವು', 'ಅವನಿಗೂ ಒಂದು ದಿನ ಖುಷಿಯಾಗಲಿ ಅಂತ' — ಎರಡನ್ನೂ ಅಳಿಸಿದೆ. ಮೂರು ವರ್ಷದಿಂದ ಇಂಥ ವಾಕ್ಯಗಳನ್ನೇ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ.

ನನ್ನ ವಿಡಿಯೋಗಳನ್ನು ನೋಡುವವರಿಗೆ ನಾನು ಯಾರೆಂದು ಗೊತ್ತು. ಕಡಿಮೆ ದುಡ್ಡಿನಲ್ಲಿ, ಕಡಿಮೆ ಸಮಯದಲ್ಲಿ ಸುತ್ತಾಡುವುದು ಹೇಗೆ ಎಂದು ಹೇಳುವ ಹುಡುಗ. ಯಾರೂ ನನಗೆ ಇದನ್ನು ಕಲಿಸಲಿಲ್ಲ. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ನಾಲ್ಕು ಜನರ ಒಂದು ರೂಮು, ಬಿಡುವಾದಾಗ ಫೋನಿನಲ್ಲೇ ಎಡಿಟಿಂಗ್. ಯಾವ ವಾರ ಟಿಕೆಟ್ ಅಗ್ಗ, ಊಟ ಎಲ್ಲಿ ಮುಗಿಸಿಕೊಂಡು ಒಳಗೆ ಹೋಗಬೇಕು, ಯಾವ ಆಟಕ್ಕೆ ಬಾಗಿಲು ತೆಗೆದ ಕೂಡಲೇ ಓಡಬೇಕು — ಇವನ್ನು ಹುಡುಕಿ ತೆಗೆಯುವುದರಲ್ಲಿ ನನಗೆ ಎಂಥ ಹುಚ್ಚಿತ್ತು ಅಂದರೆ, ಉಳಿದ ಇಪ್ಪತ್ತು ರೂಪಾಯಿ ನನ್ನದಲ್ಲದಿದ್ದರೂ ಎರಡು ದಿನ ಖುಷಿಯಾಗಿರುತ್ತಿದ್ದೆ.

ಶಿವಪ್ಪಣ್ಣ ನಮ್ಮ ಲೈನಿನ ಕೊನೆಯಲ್ಲಿ ಕೂರುತ್ತಿದ್ದ. ಬಾಗಲಕೋಟೆ ಕಡೆಯವನು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಮಾತ್ರೆ ಹಾಳೆಗಳು ಸಾಲಾಗಿ ಬರುವಾಗ ಯಾವುದರಲ್ಲಿ ಒಂದು ಗೂಡು ಖಾಲಿ ಇದೆ ಎಂದು ನೋಡಿ ತೆಗೆದುಹಾಕುವುದು ಅವನ ಕೆಲಸ. ಅವನ ಕಣ್ಣು ತಪ್ಪಿಸಿ ಖಾಲಿ ಗೂಡು ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು. ಪ್ಯಾಂಟಿನೊಳಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದ. ಎಂಥ ಸೆಕೆಯಿದ್ದರೂ ಫುಲ್ ಪ್ಯಾಂಟು. ಊರಲ್ಲಿ ಹೆಂಡತಿ, ಆರು ವರ್ಷದ ಮಗಳು. ಭಾನುವಾರವೂ ದುಡಿದು, ಅದರ ಬದಲಿಗೆ ಸಿಗುವ ರಜೆಗಳನ್ನು ಒಂದೊಂದೇ ಕೂಡಿಹಾಕಿ, ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡು ಊರಿಗೆ ಹೋಗಿಬರುತ್ತಿದ್ದ. ನಮ್ಮ ಕಾರ್ಖಾನೆಯಲ್ಲಿ ದೂರದ ಊರಿನವರೆಲ್ಲ ಮಾಡುವುದು ಹಾಗೆಯೇ.

ಊರಾಚೆಯ ಆ ನೀರಿನಾಟದ ಪಾರ್ಕಿನ ನಿಯಮಗಳನ್ನು ನಾನು ಒಂದು ವಾರ ಕೂತು ಓದಿದ್ದೆ. ಅಂಗವಿಕಲರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ, ಅವರಿಗೂ ಜೊತೆಗಿರುವವರಿಗೂ ಪಕ್ಕದ ಬಾಗಿಲಿನಿಂದ ಪ್ರವೇಶ. ಅದರ ಕೆಳಗೆ ಇನ್ನೊಂದು ಪಟ್ಟಿ — ಕಾಲಿಗೆ ಕಬ್ಬಿಣ ಕಟ್ಟಿಕೊಂಡವರನ್ನು ಹತ್ತಿಸಿಕೊಳ್ಳದ ಆಟಗಳದು. ದೊಡ್ಡ ಆಟಗಳೆಲ್ಲ ಅದರಲ್ಲಿದ್ದವು. ಆ ಎರಡನೇ ಪಟ್ಟಿಯನ್ನೂ ನಾನು ಓದಿದ್ದೆ. ಇದನ್ನು ದಯವಿಟ್ಟು ನೆನಪಿಡಿ.

ಕ್ಯಾಂಟೀನಿನಲ್ಲಿ ಅವನ ಎದುರು ಕೂತು ಕೇಳಿದೆ.

"ಅಣ್ಣಾ, ಬುಧವಾರ ಪಾರ್ಕಿಗೆ ಹೋಗ್ತಿದೀವಿ. ನಾನು, ಮಂಜ, ಇನ್ನಿಬ್ರು. ಬಾ."

"ನಾನೇನು? ಖರೇನ ಕರೀಲಿಕತ್ತೀಯೇನಲೇ ತಮ್ಮಾ?" ಎಂದು ನಕ್ಕ. "ನಾ ಬಂದು ಅಲ್ಲೇನು ಮಾಡ್ಲಿ?"

"ನೀನಿಲ್ದೆ ನಾವು ಹೋಗಲ್ಲ ಅಣ್ಣ."

ಅದರಲ್ಲಿ ಸುಳ್ಳೇನೂ ಇರಲಿಲ್ಲ — ಅವನಿಲ್ಲದೆ ಹೋದರೆ ನನ್ನ ಇಡೀ ಲೆಕ್ಕಾಚಾರವೇ ಕೆಡುತ್ತಿತ್ತು. ಅವನು ಚಪಾತಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಇಲ್ಲಿಗೆ ಬಂದು ಎಂಟು ವರ್ಷಾತು. ಎಲ್ಲಿಗೂ ಯಾರೂ ಹಿಂಗ ಕರದಿದ್ದಿಲ್ಲ ನೋಡು."

ಊರಿಗೆಂದು ಕೂಡಿಟ್ಟ ರಜೆಗಳಲ್ಲಿ ಒಂದನ್ನು ಅವನು ಆ ಬುಧವಾರಕ್ಕೆ ಬರೆಸಿದ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ಕಡ್ಡಾಯ, ಒಳಗೆ ಕೊಂಡರೆ ದುಬಾರಿ ಎಂದು ಎಲ್ಲರಿಗೂ ಹೇಳಿದಂತೆ ಅವನಿಗೂ ಹೇಳಿದೆ. ಎರಡು ದಿನ ಬಿಟ್ಟು ಪ್ಲಾಸ್ಟಿಕ್ ಕವರಿನಿಂದ ಒಂದು ನೀಲಿ ಚಡ್ಡಿ ತೆಗೆದು ತೋರಿಸಿದ, ಪಕ್ಕದಲ್ಲಿ ಬಿಳಿ ಗೆರೆ ಇದ್ದದ್ದು. "ಕಾಲು ಕಾಣ್ತೈತಿ. ಕಂಡ್ರ ಕಾಣ್ಲಿ ಬಿಡು. ನೀವೆಲ್ಲ ಹೊರಗಿನವ್ರೇನು?" ಎಂದ. ಎಂಟು ವರ್ಷ ಯಾರಿಗೂ ತೋರಿಸದ ಕಾಲು. ನಾನು ಆಗ ಕೇಳಿದ್ದು ಒಂದೇ — "ಎಷ್ಟು ಕೊಟ್ಟೆ ಅಣ್ಣ?"

ಪಾರ್ಕಿನಲ್ಲಿ ಎಲ್ಲವೂ ನಾನು ಅಂದುಕೊಂಡಂತೆಯೇ ನಡೆಯಿತು. ಮೊದಲ ಆಟದ ಮುಂದೆ ಬಿಸಿಲಿನಲ್ಲಿ ಉದ್ದ ಸಾಲು. ನಾವು ಐವರು ಪಕ್ಕದ ಬಾಗಿಲಿನಿಂದ ನೇರ ಮೇಲೆ. ಆಟ ನಡೆಸುವವನು ಶಿವಪ್ಪಣ್ಣ ಕಾಲು ಎಳೆಯುವುದನ್ನು ನೋಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ಇವರನ್ನ ಬಿಡಕ್ಕಾಗಲ್ಲ ಸಾರ್, ಸೇಫ್ಟಿ. ನೀವು ನಾಲ್ಕು ಜನ ಬಂದಿದೀರಲ್ಲ, ಕೂತ್ಕೊಳ್ಳಿ" ಎಂದ. ಶಿವಪ್ಪಣ್ಣ ನಮ್ಮ ಬ್ಯಾಗು, ಫೋನು, ಚಪ್ಪಲಿಗಳನ್ನೆಲ್ಲ ಇಸಿದುಕೊಂಡ. ಮೆಟ್ಟಿಲು ಇಳಿದುಹೋಗಿ ಬೆಂಚಿನ ಮೇಲೆ ಕೂತ. ಲಾಕರಿನ ಬಾಡಿಗೆ ಉಳಿಯಿತು.

ಎರಡನೇ ಆಟದಲ್ಲೂ ಹಾಗೆಯೇ ಆಯಿತು. ಮೂರನೆಯದರ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು, ಏದುಸಿರು ಬಿಡುತ್ತಾ, "ಇದಕ್ಕ ಬಿಡಬಹುದೇನೋ" ಎಂದ. ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವನು ಮೇಲಿನವರೆಗೆ ಬಂದು ಬೇಡ ಅನ್ನಿಸಿಕೊಂಡರೆ ಮಾತ್ರ ನಮಗೆ ಆ ಬಾಗಿಲು. ಅದಕ್ಕೇ ಸುಮ್ಮನಿದ್ದೆ. ಒಂಬತ್ತು ಸಲ ಅವನನ್ನು ಹಾಗೆ ಹತ್ತಿಸಿದೆ — ಒಂಬತ್ತು ಸಲವೂ ಅಪರಿಚಿತರ ಎದುರು ಅವನು 'ಇಲ್ಲ' ಅನ್ನಿಸಿಕೊಳ್ಳುವಂತೆ ಮಾಡಿದೆ. ಐದನೆಯದಾದ ಮೇಲೆ ಅವನು 'ಬಿಡಬಹುದೇನೋ' ಅನ್ನಲಿಲ್ಲ. ಹತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಧ್ಯಾಹ್ನ ವಿಡಿಯೋ ಮಾಡಿದೆ. ನಾನು ಮುಂದೆ, ಮೈಯೆಲ್ಲ ಒದ್ದೆ. ದೂರದ ಬೆಂಚಿನಲ್ಲಿ ಐದು ಬ್ಯಾಗುಗಳ ನಡುವೆ ಅವನು. ಸುತ್ತ ಹಾಡಿನ ಗದ್ದಲ, ನನ್ನ ಮಾತು ಅವನಿಗೆ ಕೇಳುವಂತಿರಲಿಲ್ಲ. ನಾನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಗುರು, ಟೈಮೂ ಉಳೀಬೇಕು, ದುಡ್ಡೂ ಉಳೀಬೇಕಾ? ಗ್ಯಾಂಗಲ್ಲಿ ಒಬ್ಬ ಕುಂಟನ್ನ ಇಟ್ಕೊಳ್ಳಿ. ಲೈನೂ ಇಲ್ಲ, ಲಾಕರೂ ಇಲ್ಲ. ನೋಡಿ, ನಮ್ಮ ಪಾಸು ಅಲ್ಲಿ ಕೂತಿದೆ!"

ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದೆ. ಅವನು ನಗುತ್ತಾ ಕೈ ಬೀಸಿದ.

ಸಂಜೆ ನಾಲ್ಕೂವರೆಗೆ ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಮುಗಿದಿತ್ತು. ಪಟ್ಟಿಯಲ್ಲಿ ಇಲ್ಲದ್ದು ಒಂದಿತ್ತು. ನೀರು ನಿಧಾನಕ್ಕೆ ಸುತ್ತು ಹರಿಯುವ ಒಂದು ಕಾಲುವೆ, ಟ್ಯೂಬಿನಲ್ಲಿ ಕೂತರೆ ಅದೇ ಒಯ್ಯುತ್ತದೆ. ಮುದುಕರೂ ಮಕ್ಕಳೂ ಕೂರುತ್ತಿದ್ದರು. ಅಲ್ಲಿ ಅವನನ್ನು ಯಾರೂ ತಡೆಯುತ್ತಿರಲಿಲ್ಲ. 'ಟೈಮ್ ವೇಸ್ಟ್' ಎಂದು ನಾನೇ ಅದನ್ನು ಹೊಡೆದುಹಾಕಿದ್ದೆ. ಶಿವಪ್ಪಣ್ಣ ಬೆಂಚಿನಲ್ಲಿ ಬಗ್ಗಿ ಕೂತು ಕಾಲಿನ ಪಟ್ಟಿಯ ಬಕಲು ಬಿಚ್ಚತೊಡಗಿದ್ದ. ಪಕ್ಕದಲ್ಲಿ ನೀಲಿ ಚಡ್ಡಿ.

"ತಮ್ಮಾ, ನಾ ಒಂದು ಸುತ್ತು ಇಳದು ಬರ್ಲೇನು? ಮಗಳಿಗೆ ಹೇಳೀನಿ, ನೀರಾಗ ತೇಲಿ ಬರ್ತೀನಿ ಅಂತ."

ನಾನು ಗಡಿಯಾರ ನೋಡಿದೆ. "ಇನ್ನೊಂದ್ಸಲ ಬರೋಣ ಅಣ್ಣ. ಐದು ಗಂಟೆ ಬಸ್ಸು ಹೋಗ್ಬಿಡುತ್ತೆ."

ಅವನು ಬಕಲು ಮತ್ತೆ ಹಾಕಿಕೊಂಡ. ಐದು ಗಂಟೆಯ ಬಸ್ಸು ಬಂದದ್ದು ಆರಕ್ಕೆ. ಒಂದು ಗಂಟೆ ನಾವು ರಸ್ತೆ ಬದಿಯಲ್ಲಿ ಜೋಳ ತಿನ್ನುತ್ತಾ ನಿಂತಿದ್ದೆವು. ನಾಲ್ವರ ಕೂದಲು ಇನ್ನೂ ಒದ್ದೆ, ಅವನದು ಧೂಳು.

ಇಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ.

ಆ ವಿಡಿಯೋದಷ್ಟು ಜನ ನನ್ನ ಬೇರೆ ಯಾವುದನ್ನೂ ನೋಡಿರಲಿಲ್ಲ. ಮರುದಿನ ಶಿವಪ್ಪಣ್ಣ, "ಅದನ್ನ ನನಗೂ ಕಳಸು, ಮಗಳಿಗೆ ತೋರಸ್ತೀನಿ" ಎಂದ. ಅವನು ಕೈ ಬೀಸುವ ತುಣುಕನ್ನಷ್ಟೇ ಕತ್ತರಿಸಿ, ನನ್ನ ಧ್ವನಿ ತೆಗೆದು, ಮೇಲೊಂದು ಹಾಡು ಕೂರಿಸಿ ಕಳಿಸಿದೆ. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಕೈ ಅಷ್ಟು ಪಳಗಿತ್ತು. ಮಗಳು ಅದನ್ನು ನೋಡಿ ನೋಡಿ ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿದಳಂತೆ. "ನಮ್ಮಪ್ಪ ಟೀವಿಯಾಗ ಬಂದಾನ" ಅಂದಳಂತೆ. ಅವನು ಇದನ್ನು ಹೇಳುವಾಗ ನಾನು ಮಾತ್ರೆ ಡಬ್ಬಿಗಳಿಗೆ ಟೇಪು ಅಂಟಿಸುತ್ತಿದ್ದೆ. ತಲೆ ಎತ್ತಲಿಲ್ಲ.

ತಿಂಗಳಾಗುವ ಹೊತ್ತಿಗೆ ಪಕ್ಕದ ವಿಭಾಗದ ಹುಡುಗರು ಅವನನ್ನು 'ಪಾಸಣ್ಣ' ಎಂದು ಕರೆಯತೊಡಗಿದರು. ಅವನಿಗೆ ಅರ್ಥವಾಗಲಿಲ್ಲ, ಪ್ರೀತಿಯ ಹೆಸರೆಂದುಕೊಂಡು ನಕ್ಕ. ಒಂದು ದಿನ ನನ್ನ ಹತ್ತಿರ ಬಂದು ಭುಜ ತಟ್ಟಿದ.

"ನೋಡ್ಲೇ ತಮ್ಮಾ, ಅವ್ರೂ ಕರದಾರ. ಅದೇ ಪಾರ್ಕಿಗಿ. ನೀ ಕರಕೊಂಡು ಹೋಗಿ ನನ್ನ ನಸೀಬು ತೆರದಿ."

ಆಗ ಹೇಳಬಹುದಿತ್ತು. 'ಹೋಗಬೇಡ ಅಣ್ಣ, ಅವರು ನಿನ್ನನ್ನು ಕರೆಯುತ್ತಿಲ್ಲ' — ಇಷ್ಟು ಸಾಕಿತ್ತು. ಆದರೆ ಯಾಕೆ ಎಂದು ಅವನು ಕೇಳುತ್ತಿದ್ದ. ನಾನು "ಎಂಜಾಯ್ ಮಾಡು ಅಣ್ಣ" ಎಂದೆ. ಮೊದಲು ಮಾಡಿದ್ದನ್ನು ಹುಡುಗಾಟಿಕೆ ಅಂತ ಯಾರಾದರೂ ಅಂದಾರು. ಇದಕ್ಕೆ ಏನನ್ನಬೇಕೋ ನನಗೆ ತಿಳಿದಿಲ್ಲ.

"ಈ ಸಲ ಚಡ್ಡಿ ಪ್ಯಾಂಟಿನ ಒಳಗ ಹಾಕ್ಕೊಂಡೇ ಹೋಗ್ತೀನಿ" ಎಂದ ಅವನು. "ನೀನ ಹೇಳಿದ್ದಿ ಅಲ್ಲ, ಬಟ್ಟಿ ಬದಲಿಸೋ ಹೊತ್ತು ಉಳೀತೈತಿ ಅಂತ."

ಹೌದು, ನನ್ನದೇ ಟಿಪ್ಪು. ಹೋದ. ಅಲ್ಲಿ, ನಾಲ್ಕನೇ ಆಟದ ಮೆಟ್ಟಿಲಿನಲ್ಲಿ ಅವನು ಇನ್ನು ಹತ್ತಲಾರೆ ಅಂದಾಗ, ಯಾರೋ ಒಬ್ಬ ರೇಗಿ ಫೋನು ತೆಗೆದು ನನ್ನ ವಿಡಿಯೋ ಹಾಕಿ ತೋರಿಸಿದನಂತೆ. "ಸುಮ್ನೆ ಕರ್ಕೊಂಡ್ ಬಂದಿದೀವಾ ನಿನ್ನ?" ಅಂದನಂತೆ. ಈ ಸಲ ಧ್ವನಿ ಇತ್ತು.

ಮರುದಿನ ಶಿಫ್ಟು ಬದಲಾಗುವ ಹೊತ್ತಿಗೆ ಶಿವಪ್ಪಣ್ಣ ನನ್ನ ಟೇಬಲ್ಲಿನ ಮೇಲೆ ಮಡಚಿದ ನೀಲಿ ಚಡ್ಡಿ ಇಟ್ಟ.

"ನಿನ್ನ ಅಳತಿಗೆ ಆಗ್ತೈತಿ. ಒಮ್ಮೆನೂ ನೀರು ತಾಗಿಲ್ಲ."

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ತನ್ನ ಜಾಗಕ್ಕೆ ಹೋಗಿ ಕೂತು ಮಾತ್ರೆ ಹಾಳೆಗಳನ್ನು ನೋಡತೊಡಗಿದ. ತಿಂಗಳು ಕಳೆಯುವುದರೊಳಗೆ ಕೆಲಸ ಬಿಟ್ಟ. ಮಾಕಳಿ ಕಡೆ ಯಾವುದೋ ಕಾರ್ಖಾನೆ ಸೇರಿದ ಎಂದು ಮಂಜ ಹೇಳಿದ. ನಾವಿರುವುದು ಊರಿನ ಈ ತುದಿ, ಅದು ಆ ತುದಿ.

ವಿಡಿಯೋ ಮಾತ್ರ ಮೂರು ವರ್ಷ ಹಾಗೆಯೇ ಇತ್ತು. ತೆಗೆಯಬೇಕು ಅಂದುಕೊಳ್ಳುತ್ತಿದ್ದೆ, ಆಮೇಲೆ ಎಷ್ಟು ಜನ ನೋಡಿದ್ದಾರೆ ಎಂದು ನೋಡುತ್ತಿದ್ದೆ. ಅಷ್ಟೇ, ಬೇರೆ ಕಾರಣವಿಲ್ಲ.

ಕಳೆದ ವಾರದ ರಜೆಯಲ್ಲಿ, ಮಂಜನಿಂದ ಕಾರ್ಖಾನೆಯ ಗುರುತು ಕೇಳಿಕೊಂಡು, ಮಾಕಳಿಗೆ ಹೋದೆ. ಎರಡು ಬಸ್ಸು, ಎರಡೂವರೆ ಗಂಟೆ. ಊಟದ ಬಿಡುವಿನಲ್ಲಿ ಶಿವಪ್ಪಣ್ಣ ಗೇಟಿನೆದುರಿನ ಟೀ ಅಂಗಡಿಗೆ ಬಂದ. ನನ್ನನ್ನು ಕಂಡು ಒಂದು ಗಳಿಗೆ ನಿಂತ.

"ಬರ್ರಿ. ಚಾ ಕುಡೀತೀರೇನು?"

ಎಂಟು ಗಂಟೆಯ ಶಿಫ್ಟಿನಲ್ಲಿ ಎಪ್ಪತ್ತು ಸಲ 'ಲೇ ತಮ್ಮಾ' ಎಂದು ಕೂಗುತ್ತಿದ್ದವನು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಆ ಬಹುವಚನದ ಮುಂದೆ ಎಲ್ಲಿ ಹೋಯಿತೋ. "ಅಣ್ಣಾ, ನಾನು..." ಎಂದು ನಿಲ್ಲಿಸಿದೆ. ಅವನು ಎರಡು ಟೀ ಹೇಳಿದ, ಎರಡಕ್ಕೂ ತಾನೇ ದುಡ್ಡು ಕೊಟ್ಟ. ಲೋಟ ಖಾಲಿಯಾದ ಮೇಲೆ ಒಂದೇ ಮಾತು ಹೇಳಿದ.

"ಮಗಳಿಗೆ ಈಗ ಒಂಬತ್ತು ವರ್ಷರಿ. ಫೋನ್ ಹಿಡೀತಾಳ, ಓದ್ತಾಳ, ಹುಡುಕ್ತಾಳ. ನೀವು ಕಳಿಸಿದ್ದನ್ನ ಇನ್ನೂ ಇಟ್ಕೊಂಡಾಳ. ಆ ಇನ್ನೊಂದನ್ನ ತೆಗದುಬಿಡ್ರಿ. ಆಕಿ ನೋಡೋದು ಬ್ಯಾಡ."

ಅಲ್ಲೇ ನಿಂತು ಅಳಿಸಿದೆ. ತೋರಿಸಬೇಕೆಂದು ಫೋನು ಎತ್ತಿದೆ, ಆದರೆ ಅವನು ಆಗಲೇ ಗೇಟಿನ ಕಡೆ ಹೊರಟಿದ್ದ. ಎಡಗಾಲು ಎಳೆಯುತ್ತಾ ರಸ್ತೆ ದಾಟಿದ, ಒಳಗೆ ಹೋದ.

ನಾನು ಅಳಿಸಿದರೂ ಅದು ಅಳಿದಿಲ್ಲ. ಬಸ್ಸಿನಲ್ಲಿ ಬರುವಾಗ ಹುಡುಕಿದೆ: ಇನ್ನೂ ಏಳು ಕಡೆ ಇದೆ, ಬೇರೆಯವರು ಕತ್ತರಿಸಿ ತಮ್ಮದೆಂದು ಹಾಕಿಕೊಂಡದ್ದು. ಒಂದರಲ್ಲಿ ನನ್ನ ಮುಖವೇ ಇಲ್ಲ. ಅವನು ಕೈ ಬೀಸುವುದು ಮಾತ್ರ ಇದೆ, ಹಿಂದೆ ನನ್ನ ನಗು. ಒಬ್ಬೊಬ್ಬರಿಗೂ ಬರೆದು ಕೇಳಿದ್ದೇನೆ. ಇಬ್ಬರು ತೆಗೆದರು. ಐವರು ಉಳಿದಿದ್ದಾರೆ. ದಿನವೂ ಕೇಳುತ್ತೇನೆ, ನಾಳೆಯೂ ಕೇಳುತ್ತೇನೆ. ಆ ಹುಡುಗಿ ಹುಡುಕುವ ಮೊದಲು ಮುಗಿಯಬೇಕು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರ ಬಳಿಯಾದರೂ ಅದಿದ್ದರೆ ತೆಗೆದುಬಿಡಿ.

ಚಡ್ಡಿ ನನ್ನ ಪೆಟ್ಟಿಗೆಯಲ್ಲಿದೆ. ಬೆಲೆಯ ಚೀಟಿಯನ್ನು ಅವನು ಕಿತ್ತಿದ್ದ, ದಾರ ಮಾತ್ರ ಉಳಿದಿದೆ. ಅವನು ಹೇಳಿದ್ದು ಸರಿ, ಅದು ನನ್ನ ಅಳತೆಯದೇ. ಹಾಕಿಕೊಂಡಿಲ್ಲ.