ಚರ್ಚಿಗೆ ಬರೆಸಿದ ಇಟ್ಟಿಗೆ

ನರಸೀಪುರದ ನಮ್ಮ ಪುಟ್ಟ ಚರ್ಚಿನ ಗೋಡೆಗಳು ಹಳೇ ಕಾಲದ ತೆಳ್ಳನೆಯ ಕೆಂಪು ಇಟ್ಟಿಗೆಯವು. ಸುಣ್ಣದ ಗಾರೆಯಲ್ಲಿ ಕಟ್ಟಿದ್ದರಿಂದ ಏಪ್ರಿಲ್ ಬಿಸಿಲಲ್ಲೂ ಒಳಗೆ ತಣ್ಣಗಿರುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಚರ್ಚ್ ಕಮಿಟಿಯ ಅಧ್ಯಕ್ಷರಿಗೆ ಆ ಇಟ್ಟಿಗೆ ಕಂಡು ನಾಚಿಕೆ ಶುರುವಾಯಿತು.

"ಪ್ಲಾಸ್ಟ್ರಿಂಗೇ ಆಗ್ದಿರೋ ಮನೆ ಇದ್ದಂಗದೆ ಕಣ್ರೀ, ಮಾನ ಓಯ್ತದೆ" ಎಂದವರೇ ಗೋಡೆಗೆಲ್ಲ ಸಿಮೆಂಟು ಮೆತ್ತಿಸಿ ಗುಲಾಬಿ ಬಣ್ಣ ಹೊಡೆಸಿದರು. ಚರ್ಚು ಹುಟ್ಟುಹಬ್ಬದ ಕೇಕಿನಂತಾಯಿತು. ಒಳಗೆ ಕೂತವರು ಬೆವರತೊಡಗಿದೆವು.

ಕೆಲವು ವರ್ಷ ಕಳೆದ ಮೇಲೆ ಹಳೆಯದಕ್ಕೆ ಮರ್ಯಾದೆ ಬಂತು. ಮೈಸೂರಿನ ನೆಂಟರೊಬ್ಬರು "ಹೆರಿಟೇಜ್ ಲುಕ್ಕೇ ಹೋಯ್ತಲ್ಲ" ಅಂದದ್ದೇ ತಡ, ಅಧ್ಯಕ್ಷರು ನಂಜನಗೂಡಿನಿಂದ ಲಾರಿಗಳಿಗೆ ಬಣ್ಣ ಬಳಿಯುವ ಪೇಂಟರನ್ನು ಕರೆಸಿದರು. ಅವನು ಗುಲಾಬಿ ಗೋಡೆಯ ಉದ್ದಕ್ಕೂ ಕೆಂಪು ಪೇಂಟಿನಲ್ಲಿ ಇಟ್ಟಿಗೆಗಳನ್ನು ಬರೆದು, ಸಂದಿಗಳಿಗೆ ಬಿಳಿ ಗೆರೆ ಎಳೆದ.

"ಈಗ್ ನೋಡಿ, ಅಳೇ ಕಾಲದ್ದೇ!" ಎಂದು ಅಧ್ಯಕ್ಷರು ಬೀಗಿದರು.

ಮುಂದಿನ ಮಳೆಗಾಲದಲ್ಲಿ ಬಾಗಿಲ ಪಕ್ಕದ ಸಿಮೆಂಟು ಕಳಚಿ ಬಿದ್ದು, ಒಳಗಿದ್ದ ಅಸಲಿ ಇಟ್ಟಿಗೆ ಕಾಣಿಸಿಕೊಂಡಿತು. ನಾನು ಖುಷಿಯಿಂದ ಅಧ್ಯಕ್ಷರನ್ನು ಕರೆದು ತೋರಿಸಿದೆ. ಅವರು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ಮುಖ ಸಿಂಡರಿಸಿದರು.

"ಛೇ, ಇದೊಂದು ಮ್ಯಾಚೇ ಆಯ್ತಿಲ್ವಲ್ಲ!"

ಭಾನುವಾರದ ಪೂಜೆಯ ಹೊತ್ತಿಗೆ ಅಲ್ಲಿಗೂ ಸಿಮೆಂಟು ಮೆತ್ತಿಸಿ, ಮೇಲೆ ಇಟ್ಟಿಗೆ ಬರೆಸಿದ್ದರು.