ಸಂಜೀವ ಮಾವನ ಶನಿವಾರದ ಕಿಲ್ಟ್

ಪಂಪ್‌ವೆಲ್‌ನಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷಗಳವು. ನಾನಾಗ ಐದನೇ ಕ್ಲಾಸು. ಮಳೆ ಬಿಟ್ಟು ಕೆಮ್ಮಣ್ಣಿನ ಧೂಳು ಏಳತೊಡಗಿದ ಹೊತ್ತಿಗೆ ಅಮ್ಮನ ತಮ್ಮ ಸಂಜೀವ ಮಾವ ದುಬೈಯ ಕೆಲಸ ಬಿಟ್ಟು ಬಂದು, ಬಿಕರ್ನಕಟ್ಟೆಯ ನಮ್ಮ ಬಾಡಿಗೆ ಮನೆಯಲ್ಲಿ ಉಳಿದುಕೊಂಡರು. ಅವರ ಪೆಟ್ಟಿಗೆಯಿಂದ ಸೋಪು, ಅತ್ತರು, ನನಗೊಂದು ಪೆನ್ಸಿಲ್ ಬಾಕ್ಸ್ ಹೊರಬಂದವು. ಎಲ್ಲದರ ಅಡಿಯಲ್ಲಿ ಹಸಿರು ಚೌಕಳಿಯ ಒಂದು ದಪ್ಪ ಉಣ್ಣೆ ಬಟ್ಟೆ ಇತ್ತು. ಹಸಿರು ಎಂದು ಈಗ ಬರೆಯುತ್ತಿದ್ದೇನೆ. ಕಳೆದ ತಿಂಗಳವರೆಗೂ ಅದು ಕೆಂಪು ಎಂದೇ ನಂಬಿದ್ದೆ. ನನ್ನ ನೆನಪಿನ ಯೋಗ್ಯತೆ ಅಷ್ಟು. ಮುಂದಿನದನ್ನು ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

ಅದು ಕಿಲ್ಟ್. ಸೊಂಟಕ್ಕೆ ಸುತ್ತಿಕೊಳ್ಳುವ, ಮೊಣಕಾಲವರೆಗೆ ಬರುವ, ಹಿಂಬದಿಯಲ್ಲಿ ಸಾಲು ನೆರಿಗೆಗಳಿರುವ ಗಂಡಸರ ಉಡುಪು. ಮಾವನಿದ್ದ ವರ್ಕ್‌ಶಾಪಿನ ಫೋರ್‌ಮನ್ ಸ್ಕಾಟ್ಲೆಂಡಿನವನಂತೆ. ನಿವೃತ್ತಿಯ ದಿನ ಅದನ್ನುಟ್ಟು ಕೆಲಸಕ್ಕೆ ಬಂದವನು, ಹೋಗುವಾಗ ಮಾವನಿಗೆ ಕೊಟ್ಟು ಹೋದನಂತೆ.

ಮಾವ ಪಂಪ್‌ವೆಲ್‌ನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿಗೆ ನಿಂತರು. ಮೊದಲ ಶನಿವಾರವೇ ಕಿಲ್ಟ್ ಉಟ್ಟು ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಎಂತ ಮಾರಾಯ ಇದು? ನಿನಗೆ ಹೆಣ್ಣು ಕೊಡ್ಲಿಕ್ಕೆ ಇರುವವರೂ ಓಡಿ ಹೋಗ್ತಾರೆ."

"ಅವ ಹಾಕಿದಾಗ ಒಬ್ಬನೂ ನಗ್ಲಿಲ್ಲ ಅಕ್ಕ. ಯಾಕೆ? ಅವ ಫೋರ್‌ಮನ್. ನಾನು ಹಾಕಿದ್ರೆ ನಗ್ತಾರೆ. ನೋಡುವ, ಎಷ್ಟು ಶನಿವಾರ ನಗ್ತಾರೆ ಅಂತ. ಕ್ರಿಸ್ಮಸ್ ಬರುವಾಗ ಅವರಿಗೇ ಸಾಕಾಗ್ತದೆ."

ಜನ ನಕ್ಕರು. ಸಿಟಿ ಬಸ್ಸಿನ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಅಣ್ಣಾ, ಲೇಡೀಸ್ ಎದುರಿನ ಬಾಗಿಲು!" ಅಂದ.

"ಹಾಗಾದ್ರೆ ಅರ್ಧ ಟಿಕೆಟ್ ಕೊಡು. ಬಟ್ಟೆಯೂ ಅರ್ಧವೇ ಉಂಟಲ್ಲ."

ಇಡೀ ಬಸ್ಸು ನಕ್ಕಿತು, ಈ ಸಲ ಮಾವನ ಪರವಾಗಿ. ಆದರೆ ಹಿರಿಯರ ಎದುರು ಈ ಜಾಣತನ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಮುಂಡು, ಅಂದರೆ ಪಂಚೆ, ಎತ್ತಿ ಕಟ್ಟಿಕೊಂಡು ನಡೆಯುವವರು ದೊಡ್ಡವರು ಎದುರಾದರೆ ಅದನ್ನು ಕಾಲಿಗಿಳಿಸಿ ನಿಲ್ಲುತ್ತಾರೆ. ಅದೇ ನಮಸ್ಕಾರ, ಬಾಯಲ್ಲಿ ಏನೂ ಹೇಳಬೇಕಾಗಿಲ್ಲ. ಅಂಗಡಿಯ ಧಣಿಯ ತಂದೆ ಒಂದು ಶನಿವಾರ ಬಂದವರು ಕೇಳಿಯೇ ಬಿಟ್ಟರಂತೆ: "ಬಂದಾಗಿಂದ ನೋಡ್ತಾ ಇದ್ದೇನೆ. ಎತ್ತಿ ಕಟ್ಟಿದ್ದನ್ನು ಇಳಿಸುವ ಅಂದಾಜು ಇಲ್ವಾ ನಿನಗೆ?"

"ಇಳಿಸ್ಲಿಕ್ಕೆ ಕೈ ಹೋಯ್ತು ಮಗಾ," ಎಂದು ಮಾವ ಮನೆಯಲ್ಲಿ ನನಗೆ ಮಾಡಿ ತೋರಿಸಿದರು. "ಹೋಯ್ತು, ಹುಡುಕಿತು, ಎಂತದೂ ಸಿಗ್ಲಿಲ್ಲ, ವಾಪಾಸು ಬಂತು." ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನ ಶಾಲೆಯ ಸ್ಕರ್ಟೂ ಚೌಕಳಿಯದೇ, ನೆರಿಗೆಯದೇ. ಶುಕ್ರವಾರ ಸಂಜೆ ನಾವಿಬ್ಬರೂ ನೆಲದಲ್ಲಿ ಕೂತು ನಮ್ಮ ನಮ್ಮ ನೆರಿಗೆ ಜೋಡಿಸುತ್ತಿದ್ದೆವು. ನೀರು ಚಿಮುಕಿಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ, ಪೇಪರಿನ ನಡುವೆ ಇಟ್ಟು ಹಾಸಿಗೆಯ ಅಡಿಗೆ ಸೇರಿಸುವ ವಿದ್ಯೆ ನಾನು ಅವರಿಗೆ ಕಲಿಸಿದ್ದು. ಒದ್ದೆ ಉಣ್ಣೆಗೆ ಮಳೆಯಲ್ಲಿ ನೆನೆದ ಆಡಿನ ವಾಸನೆ. ದೊಡ್ಡವರೊಬ್ಬರು ನನ್ನಿಂದ ಕಲಿತದ್ದು ಅದೇ ಮೊದಲು. "ಟೀಚರೇ, ಈ ನೆರಿಗೆ ಸರಿ ಉಂಟಾ?" ಎಂದು ಕೇಳುತ್ತಿದ್ದರು. ಶನಿವಾರ ಮಧ್ಯಾಹ್ನ ಅಂಗಡಿಯಿಂದ ಬಿಡುವು ಮಾಡಿಕೊಂಡು, ಎಣ್ಣೆ ಇಳಿದ ಪೇಪರಿನಲ್ಲಿ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದು, ಶಾಲೆಯ ಹತ್ತಿರದ ತಿರುವಿನಲ್ಲಿ ನನಗಾಗಿ ಕಾಯುತ್ತಿದ್ದರು. ಗೇಟಿನವರೆಗೆ ಬರಬೇಡಿ ಎಂದು ನಾನು ಹೇಳಿರಲಿಲ್ಲ. ಅವರಾಗಿಯೇ ಬರುತ್ತಿರಲಿಲ್ಲ.

ಡಿಸೆಂಬರ್ ಬರುವಾಗ ಕಂಡಕ್ಟರ್ ಸುಮ್ಮನಾಗಿದ್ದ. ಧಣಿಯ ತಂದೆ ಬಟ್ಟೆ ಮುಟ್ಟಿ ನೋಡಿ, "ಒಳ್ಳೆ ಗಟ್ಟಿ ಉಂಟು," ಅಂದಿದ್ದರಂತೆ. ಮಾವ ಗೆಲ್ಲುತ್ತಿದ್ದರು. ಆ ಧೈರ್ಯದಲ್ಲೇ ಇರಬೇಕು, ಒಂದು ಶನಿವಾರ ನೇರ ಗೇಟಿಗೇ ಬಂದರು.

ಗೇಟಿನಲ್ಲಿ ಹೆಡ್‌ಮಿಸ್ ನಿಂತಿದ್ದರು. ಮಾವನಿಗೂ ಅವರು ಟೀಚರಾಗಿದ್ದವರು. ಅವರನ್ನು ಕಂಡದ್ದೇ ಮಾವನ ಕೈ ತಾನಾಗಿ ಮೊಣಕಾಲಿಗೆ ಹೋಯಿತು, ಹುಡುಕಿತು, ಏನೂ ಸಿಗದೆ ವಾಪಾಸು ಬಂತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನ್ನ ಬೆಂಚಿನ ಪ್ರಮೀಳಾ ನನ್ನ ಜಡೆ ಎಳೆದಳು.

"ಏ, ಅದು ನಿನ್ನ ಮಾವ ಅಲ್ವಾ? ನಿನ್ನ ಸ್ಕರ್ಟ್ ಹಾಕಿ ಬಂದಿದ್ದಾರೆ!"

"ಅಲ್ಲ. ಅವರು ಯಾರೋ ಅಂಗಡಿಯವರು."

ಆಗ ಮಾವನ ಮುಖ ಹೇಗಾಯಿತೆಂದು ನನಗೆ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಾನು ಅವರಿಗೆ ಬೆನ್ನು ಹಾಕಿ ನಿಂತಿದ್ದೆ. ಹಾಗಿದ್ದರೆ ಈ ಮುಖ ಎಲ್ಲಿಂದ ಬಂತು? ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅವರು ಹತ್ತಿರ ಬಂದು ಗೋಳಿಬಜೆಯ ಪೊಟ್ಟಣ ಚಾಚಿ, "ನಿಮ್ಮ ಅಮ್ಮ ಕೊಡ್ಲಿಕ್ಕೆ ಹೇಳಿದ್ರು," ಅಂದರು. ಅದೂ ಬಹುವಚನದಲ್ಲಿ, ಅಂಗಡಿಯವರ ಹಾಗೆ. ಆಮೇಲೆ ಬಸ್‌ಸ್ಟಾಪಿನವರೆಗೆ ನನ್ನಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದರು. ನಾನು ತಿರುಗಿ ನೋಡಲಿಲ್ಲ. ಪೊಟ್ಟಣ ಮಾತ್ರ ಕೈಯನ್ನು ಸುಡುತ್ತಿತ್ತು.

ಮುಂದಿನ ಶುಕ್ರವಾರ ಸಂಜೆ ನನ್ನ ಸ್ಕರ್ಟ್ ಒಂದೇ ನೆಲದ ಮೇಲಿತ್ತು. ಮರುದಿನ ಬೆಳಿಗ್ಗೆ ಮಾವ ಪ್ಯಾಂಟು ಹಾಕಿ ಹೊರಟರು.

"ಅಂತೂ ಬುದ್ಧಿ ಬಂತು," ಅಂದರು ಅಮ್ಮ.

"ಬುದ್ಧಿ ಅಲ್ಲ ಅಕ್ಕ, ಹುಳ ತಿಂದಿದೆ. ಎದುರಿಗೇ ದೊಡ್ಡ ತೂತು."

ಎರಡು ಶನಿವಾರ ಕಳೆದರೆ ಕ್ರಿಸ್ಮಸ್ ಇತ್ತು. ನನಗೆ ಹಗುರವಾಯಿತು, ತೂತು ಎಂದು ಅವರು ಹೇಳಿದ್ದನ್ನು ಬೇಕೆಂದೇ ನಂಬಿದೆ. ಮರುವರ್ಷ ಮಾವ ಮತ್ತೆ ಗಲ್ಫಿಗೆ ಹೋದರು.

ಈಗ ಮೇಲ್ಸೇತುವೆ ಮುಗಿದಿದೆ. ನಾನು ದಿನಾ ಅದರ ಮೇಲೆ ಕೆಲಸಕ್ಕೆ ಹೋಗುತ್ತೇನೆ, ಕೆಳಗಿನ ಅಂಗಡಿಗಳು ಕಾಣುವುದಿಲ್ಲ. ನಮ್ಮ ರಸ್ತೆಯಲ್ಲಿ ಯಾರಿಗಾಗಿಯೂ ಮುಂಡು ಇಳಿಸುವವರಿಲ್ಲ. ಎಲ್ಲರದೂ ಪ್ಯಾಂಟು, ಇಳಿಸುವಂಥದ್ದೇನಿಲ್ಲ. ಮಾವ ಸುರತ್ಕಲ್‌ನಲ್ಲಿ ಸಂಸಾರ ಹೂಡಿದ್ದಾರೆ. ಕಂಡಾಗ "ಊಟ ಆಯ್ತಾ ಮಗಾ?" ಎನ್ನುತ್ತಾರೆ, ನಾನು "ಆಯ್ತು ಮಾವ," ಎನ್ನುತ್ತೇನೆ. ಟೀಚರೇ ಎಂದು ಅವರು ಮತ್ತೆ ಕರೆದದ್ದು ನನಗೆ ನೆನಪಿಲ್ಲ.

ಕಳೆದ ತಿಂಗಳು ಅಮ್ಮನ ಟ್ರಂಕು ಖಾಲಿ ಮಾಡುವಾಗ ಕಿಲ್ಟ್ ಸಿಕ್ಕಿತು. ನೆಲದಲ್ಲಿ ಹರಡಿ, ಒಂದೊಂದೇ ನೆರಿಗೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎದುರಿನ ಭಾಗವನ್ನು ಎರಡು ಸಲ ನೋಡಿದೆ. ಆಮೇಲೆ ಮಾವನಿಗೆ ಫೋನ್ ಮಾಡಿದೆ.

"ಅದಾ? ಬಿಸಾಡು ಮಗಾ, ಹುಳ ತಿಂದದ್ದು."

"ತೂತು ಇಲ್ಲ ಮಾವ. ಎಲ್ಲೂ ಇಲ್ಲ."



"ಸರಿಯಾಗಿ ನೋಡು," ಅಂದರು ಮಾವ ಮೆಲ್ಲಗೆ. "ಉಂಟು."