ಸುಗುಣಕ್ಕನ ಸಾಕ್ಷಿಗೆ ಬಿದ್ದ ಕತ್ತರಿ

ಮೊನ್ನೆ ಕೋಪರಖೈರಣೆಯ ತಂಗಿ ವಿಮಲಾಳ ಮನೆಗೆ ಹೋಗಿದ್ದಾಗ ನನ್ನ ರವಿಕೆಯ ಹುಕ್ಕು ಕಿತ್ತುಬಂತು. ಸೂಜಿಗೆ ದಾರ ಪೋಣಿಸಲು ನಾಲಿಗೆ ಕಚ್ಚಿಕೊಂಡು ಹೆಣಗುತ್ತಿದ್ದೆ. ಅವಳು ಕೈಯಿಂದ ಕಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿ, "ನಿಂದೆಂತ ಕಣ್ಣೋ, ಶರಟಿನ ಗುಂಡಿಯೋ?" ಎಂದಳು. ಆಡಿಕೊಳ್ಳಲಿ ಬಿಡಿ. ಅವಳಿಗೆ ಆ ಕಣ್ಣು ಉಳಿದ ಕತೆಯನ್ನು ನಿಮಗೆ ಹೇಳಬೇಕು.

ಮೊದಲು ನನ್ನ ವಿಷಯ. ನಾನು ಉಡುಪಿ ಕಡೆಯ ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವಳು. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಗಂಜಿಗೆ ಗಂಟೆ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೂ ಆ ಗಂಟೆ ನನ್ನೊಳಗೆ ಬಡಿಯುತ್ತಲೇ ಇತ್ತು. ಎಂಐಡಿಸಿಯ ಕಾರ್ಖಾನೆಗಳ ಸೈರನ್ನಿಗೆ ರಜೆಯಾದರೂ ಉಂಟು ಎನ್ನುತ್ತಿದ್ದರು ನಮ್ಮ ಯಜಮಾನರು. ನಮ್ಮ ಕನ್ನಡದ ಕ್ರೈಸ್ತರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಟ ಸೇರಿ ಹಾಡುತ್ತೇವೆ, ಪ್ರಾರ್ಥಿಸುತ್ತೇವೆ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುತ್ತೇವೆ. ಅಲ್ಲಿ ಸಮಯ ನೋಡುವ ಕೆಲಸ ಸಹಜವಾಗಿಯೇ ನನಗೆ ಬಂತು. ಸಾಕ್ಷಿ ಉದ್ದವಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದೆ. ದೇವರ ಉಪಕಾರ ಅಪಾರವಾದರೂ ಕೂಟ ಮುಗಿದ ಮೇಲೆ ತಿನ್ನುವ ಗೋಳಿಬಜೆ ಆರಿಹೋಗುತ್ತದಲ್ಲ.

ಲೋಟ ಹೆಚ್ಚು ಪೆಟ್ಟು ತಿಂದದ್ದು ಸುಗುಣಕ್ಕನ ದೆಸೆಯಿಂದ. ನಮ್ಮ ಹಾಡುಗಳನ್ನು ಎತ್ತಿಕೊಡುತ್ತಿದ್ದ ಹಿರಿಯಾಕೆ. ನೆಗಡಿ ವಾಸಿಯಾದದ್ದನ್ನು ಹೇಳಬೇಕಾದರೂ ಯಾವ ಲೋಕಲ್ ರೈಲಿನ ಕಿಟಕಿ ಪಕ್ಕ ಕೂತು ನೆಗಡಿ ಹಿಡಿಯಿತು ಎಂಬಲ್ಲಿಂದ ಶುರು. ಕೆಲವು ವರ್ಷಗಳ ಹಿಂದೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಗೆ ಆಪರೇಷನ್ ಆಗಿ ಅವರ ದೃಷ್ಟಿ ಉಳಿಯಿತು. ಆ ಸಾಕ್ಷಿಯೂ ಹಾಗೆಯೇ: ಕಲ್ಯಾಣದ ಡಾಕ್ಟರು, ಕಣ್ಣಿನ ಪಟ್ಟಿ, ನರ್ಸಮ್ಮ ಬೈದದ್ದು, ನಡುನಡುವೆ ದೇವರು.

ಆಗ ಊರೂರು ತಿರುಗುವ ಒಬ್ಬ ಪಾಸ್ಟರು ನಮ್ಮ ಕೂಟಕ್ಕೆ ಬರತೊಡಗಿದ್ದರು. ಅವರು ಪ್ರಾರ್ಥಿಸಿದರೆ ಎಂಥ ರೋಗವೂ ಬಿಟ್ಟುಹೋಗುತ್ತದೆ ಎಂದು ಅವರೇ ಹೇಳುತ್ತಿದ್ದರು. ಅವರ ಜೊತೆಯವರು ಸುಗುಣಕ್ಕನ ಸಾಕ್ಷಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಸ್ವಲ್ಪ ದಿನಕ್ಕೆ ಅದು ವಾಟ್ಸಾಪಿನಲ್ಲಿ ಬಂತು. "ಕಣ್ಣು ಹೋಗ್ತದೆ ಅಂದಿದ್ರು. ಪಾಸ್ಟರು ಪ್ರಾರ್ಥನೆ ಮಾಡಿದ್ರು. ದೇವರು ಕಣ್ಣು ಉಳಿಸಿದ್ರು." ಅಷ್ಟೇ. ಎಲ್ಲ ಅವರದೇ ಮಾತು, ಅವರದೇ ಬಾಯಿ. ಆಸ್ಪತ್ರೆ ಮಾತ್ರ ಮಾಯ. ಸುಗುಣಕ್ಕ ಕೊನೆಗೂ ಚುಟುಕಾಗಿ ಮಾತಾಡಿದರಲ್ಲ ಎಂದು ಒಂದು ಗಳಿಗೆ ಮೆಚ್ಚಿಕೊಂಡೆ ಕೂಡ.

ಮರುದಿನ ವಿಮಲಾಳ ಫೋನು. ಅವಳಿಗೂ ಅದೇ ಕಾಯಿಲೆ, ವಾಶಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ನಿಗದಿಯಾಗಿತ್ತು. "ಬೇಡ ಅಂತ ಹೇಳಿ ಬಂದೆ ಅಕ್ಕ. ಸುಗುಣಕ್ಕನಿಗೆ ಪ್ರಾರ್ಥನೆಯಲ್ಲೇ ಆಯ್ತಲ್ಲ. ನಂಗೆಂತ ವಿಶ್ವಾಸ ಕಡಿಮೆಯಾ?" ತಡಮಾಡಿದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ವೀಡಿಯೊ ಕತ್ತರಿಸಿದ್ದು ಎಂದೆ. "ನಿಂಗೆ ಎಲ್ಲದರಲ್ಲೂ ಸಂಶಯ. ನಾನು ಅವರ ಬಾಯಿಂದಲೇ ಕೇಳಿದ್ದು" ಎಂದು ಫೋನಿಟ್ಟಳು.

ನಾನು ಚಪ್ಪಲಿ ಮೆಟ್ಟಿ ಸುಗುಣಕ್ಕನಲ್ಲಿಗೆ ಹೋದೆ. ಅವರು ವೀಡಿಯೊ ನೋಡಿ, "ಇದು ನಾನೇ ಹೌದು ಮಾರಾಯ್ತಿ. ನಾನು ಹೇಳಿದ್ದಲ್ಲ" ಎಂದರು. ವಿಮಲಾಗೆ ಒಂದು ಫೋನ್ ಮಾಡಿ ಎಂದರೆ ಒಪ್ಪಲಿಲ್ಲ. "ಇಂಥ ವಿಮಲಾ ಎಷ್ಟು ಮಂದಿ ಉಂಟೋ. ಅದೇ ಮೊಬೈಲಿನ ಎದುರು ಹೇಳ್ತೇನೆ. ಅವಳನ್ನು ಕರ್ಕೊಂಡು ಬಾ."

"ಪುನಃ ಕತ್ತರಿಸಿದರೆ?"

"ಕತ್ತರಿಸ್ಲಿ, ನೋಡುವ."

ಮುಂದಿನ ಕೂಟದಲ್ಲಿ ವಿಮಲಾಳನ್ನು ಎದುರಿಗೇ ಕೂರಿಸಿದೆ. ಸುಗುಣಕ್ಕ ಬಾಯಿ ತೆರೆಯುವ ಮುಂಚೆಯೇ ಪಾಸ್ಟರು, "ಡಾಕ್ಟರ ಸುದ್ದಿ ಯಾಕಮ್ಮಾ? ಮಹಿಮೆ ದೇವರಿಗೆ ಸಲ್ಲಲಿ" ಎಂದರು.

"ಸಲ್ಲಲಿ. ಸುಳ್ಳು ಹೇಳಿ ಸಲ್ಲಿಸುದು ಬೇಡ ಅಲ್ವಾ? ಯೇಸುಸ್ವಾಮಿಯೇ ಕುರುಡನ ಕಣ್ಣಿಗೆ ಮಣ್ಣು ಹಚ್ಚಿ, ಹೋಗಿ ತೊಳ್ಕೋ ಅಂದವರು. ಅವನು ಮಣ್ಣಿನ ವಿಷಯ ಮುಚ್ಚಿಡ್ಲಿಲ್ಲ. ನಾನ್ಯಾಕೆ ಮುಚ್ಚಿಡ್ಲಿ?"

ಆಮೇಲೆ ಶುರುಮಾಡಿದರು. "ದೇವರು ಕಲ್ಯಾಣದ ಡಾಕ್ಟರ ಕೈಯಿಂದ ನನ್ನ ಕಣ್ಣು ಆಪರೇಷನ್ ಮಾಡಿಸಿದ್ರು. ದೇವರು ನರ್ಸಮ್ಮನ ಕೈಯಿಂದ ಕಣ್ಣಿಗೆ ಮದ್ದು ಹಾಕಿಸಿದ್ರು. ಕಣ್ಣುಜ್ಜಿದ್ದಕ್ಕೆ ದೇವರು ಅವಳ ಬಾಯಿಂದಲೇ ನಂಗೆ ಬೈಸಿದ್ರು." ದೇವರಿಲ್ಲದ ಮಾತಿಲ್ಲ, ಆಸ್ಪತ್ರೆಯಿಲ್ಲದ ಮಾತೂ ಇಲ್ಲ. ಕತ್ತರಿ ಎಲ್ಲಿ ಹಾಕುವುದು? ಮೊಬೈಲ್ ಹಿಡಿದವರು ಮೆಲ್ಲಗೆ ಕೈ ಇಳಿಸಿದರು. ಪಾಸ್ಟರು ನನ್ನ ಲೋಟದ ಕಡೆ ಆಸೆಯಿಂದ ನೋಡಿದರು. ನಾನು ಚಮಚವನ್ನು ಸೆರಗಿನಡಿ ಸೇರಿಸಿಕೊಂಡೆ.

ಎಲ್ಲ ಮುಗಿದ ಮೇಲೆ ವಿಮಲಾ ಸಣ್ಣ ದನಿಯಲ್ಲಿ ಕೇಳಿದಳು: "ಆಪರೇಷನ್ ತುಂಬ ನೋವಾ ಸುಗುಣಕ್ಕ?"

"ನೋವಿಲ್ಲ. ಹೆದರಿಕೆ ಉಂಟು. ನಾನು ಪ್ರಾರ್ಥನೆ ಮಾಡಿದ್ದು ಅದಕ್ಕೇ."

ವಿಮಲಾ ವಾಶಿಗೆ ಹೋದಳು. ಪಾಸ್ಟರು ನಮ್ಮ ಕಡೆ ಬರುವುದನ್ನು ಬಿಟ್ಟರು. ಕೆಲವು ಮನೆಯವರು ಅವರ ಹಿಂದೆಯೇ ಹೋದರು. ಸುಗುಣಕ್ಕ ಎತ್ತಿಕೊಟ್ಟ ಹಾಡಿಗೆ ಸೇರುವ ದನಿಗಳು ಕಡಿಮೆಯಾದವು. ಅವರು ಚರಣ ಒಂದನ್ನೂ ಬಿಡದೆ ಹಾಡಿದರು.

ಮೊನ್ನೆ ವಿಮಲಾ ಹುಕ್ಕು ಹೊಲಿದು ಮುಗಿಸುವಾಗ ಅವಳ ಫೋನಿಗೊಂದು ವೀಡಿಯೊ ಬಂತು. ವಿಠ್ಠಲವಾಡಿಯ ನಮ್ಮ ಪರಿಚಯದ ಹೆಂಗಸು. ಪ್ರಾರ್ಥನೆಯಿಂದ ಸಕ್ಕರೆ ಕಾಯಿಲೆ ಹೋಯಿತೆನ್ನುತ್ತಾಳೆ. ಅಳಿಸಿಹಾಕು ಎಂದೆ ನಾನು. ವಿಮಲಾ ಅವಳಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ನಿನ್ನ ಸಾಕ್ಷಿ ನೋಡಿದೆ. ಉಳಿದದ್ದೂ ಹೇಳು ಮಾರಾಯ್ತಿ."

ಆ ಕಡೆಯಿಂದ ದನಿ ಬಂತು: "ಮಾತ್ರೆ ನಾನು ಬಿಟ್ಟಿಲ್ಲ, ಆಯ್ತಾ? ಮೊದಲಿಂದ ಹೇಳ್ತೇನೆ."

ಊಟದ ಹೊತ್ತು ಮೀರುತ್ತಿತ್ತು. ನಾನು ಒಲೆ ಆರಿಸಿ ಬಂದು ಕುಳಿತೆ.